ಕನ್ನಂಬಾಡಿ ಕಟ್ಟೆಯ ಕೆಳಗಿನಿಂದ ಗೆಳೆಯನಿಗೊಂದು ಪತ್ರ

ಶ್ರೀರಂಗಪಟ್ಟಣ
ಭಾನುವಾರ, ರಾತ್ರಿ ಹತ್ತು ಗಂಟೆ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಬಂದು ಹತ್ತು ದಿನವಾಯ್ತು. "ದಸರಾ ರಜಕ್ಕೆ ಮೊಮ್ಮಕ್ಕಳನ್ನ ಕರ್ಕೊಂಡು ಬರ್ತೀನಿ ಕಣೋ, ಎರಡೇ ದಿನ ಇರೋದು, ಏನೇನು ತೋರಿಸಬೇಕು ಅಂತ ಒಂದು ಪಟ್ಟಿ ಕಳಿಸು" ಅಂದಿದ್ದೆ. ಅದೇನು ಮಹಾ ಕೆಲಸ ಅಂತ ಅವತ್ತೇ ಕೂತು ಬರೆದೆ. ಅರಮನೆ, ಜಗನ್ಮೋಹನ, ಮೃಗಾಲಯ, ಚಾಮುಂಡಿಬೆಟ್ಟ, ನಮ್ಮ ಪಟ್ಟಣದ ದರಿಯಾ ದೌಲತ್, ಸಂಜೆಗೆ ಕನ್ನಂಬಾಡಿ. ನಲವತ್ತು ವರ್ಷದ ಹಿಂದೆ ಟೂರಿಸ್ಟ್ ಬಸ್ಸಿನವರು ಕೂಗುತ್ತಿದ್ದ ಪಟ್ಟಿಯೇ ಕೈಗೆ ಬಂತು, ಅದೇ ಕ್ರಮದಲ್ಲಿ. ಬರೆದಾದ ಮೇಲೆ ಓದಿ ನೋಡಿದರೆ, ಇದು ನಾನೂ ನೀನೂ ಹುಡುಗರಾಗಿದ್ದಾಗಿನ ಮೈಸೂರು ಅನ್ನಿಸಿತು. ಕಾಗದ ಹರಿದು ಹಾಕಿ ಸುಮ್ಮನಾದೆ. ಇವತ್ತು ಮತ್ತೆ ಕೂತಿದ್ದೇನೆ, ಆದರೆ ಪಟ್ಟಿಗಿಂತ ಮಾತೇ ಜಾಸ್ತಿ ಆಗುವ ಹಾಗಿದೆ.

ಇದನ್ನು ನಿನ್ನೊಬ್ಬನಿಗೇ ಕಳಿಸದೆ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್ ಅಣೆಕಟ್ಟಿನ) ಬುಡದ ಬೃಂದಾವನ ತೋಟದ ಗೇಟಿನಲ್ಲಿ ನಮ್ಮ ಜೊತೆ ನಿಲ್ಲುತ್ತಿದ್ದ ಹುಡುಗರಲ್ಲಿ ಯಾರಾದರೂ ಎಲ್ಲಿಂದಲೋ ಓದಿ, "ಲೋ, ನಾನೂ ಇದ್ದೆ ಕಣ್ಲಾ ಅಲ್ಲಿ" ಅನ್ನಲಿ ಅಂತ ಒಂದು ಆಸೆ.

ನೆನಪಿದೆಯಾ, 1984. ನನಗೆ ಇಪ್ಪತ್ತು, ನಿನಗೆ ಹತ್ತೊಂಬತ್ತು. ನಿನ್ನ ಕೈಯಲ್ಲಿ ನಿಮ್ಮಪ್ಪನ ಕಡ್ಲೇಕಾಯಿ ಬುಟ್ಟಿ, ನನ್ನ ಕೊರಳಲ್ಲಿ ಮಾವನ ಹಳೇ ಯಾಶಿಕಾ ಕ್ಯಾಮೆರಾ. ಒಂದು ರೋಲಿಗೆ ಮೂವತ್ತಾರು ಫೋಟೊ. ಎಚ್ಚರವಾಗಿ ಸುತ್ತಿದರೆ ಮೂವತ್ತೇಳು, ದೇವರು ಕಣ್ಣು ಬಿಟ್ಟರೆ ಮೂವತ್ತೆಂಟು. ಫೋಟೊ ತೆಗೆದ ಮೇಲೆ ನೋಟ್‌ಬುಕ್ಕಿನಲ್ಲಿ ಅವರ ಕೈಯಿಂದಲೇ ವಿಳಾಸ ಬರೆಸಿಕೊಳ್ಳುವುದು, ಅಕ್ಷರ ಬಾರದವರಿಗೆ ನೀನು ಬರೆದುಕೊಡುವುದು, ಮುಂಗಡ ಇಸಿದುಕೊಂಡು ಮೈಸೂರಿನಲ್ಲಿ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸುವುದು. ಸಿಂಧನೂರು, ಸೇಲಂ, ಪಾಲಕ್ಕಾಡು, ಅನಂತಪುರ. ನಾನು ಭೂಪಟ ಕಲಿತದ್ದು ಆ ನೋಟ್‌ಬುಕ್ಕಿನಲ್ಲಿ.

ಬಂದವರಿಗೆಲ್ಲ ಬೇಕಾಗಿದ್ದು ಒಂದೇ ಚಿತ್ರ: ಹಿಂದೆ ಕಾರಂಜಿ ಇರಬೇಕು, ಬಣ್ಣದ ಲೈಟು ಬಿದ್ದಿರಬೇಕು, ಸುತ್ತ ಜನ ತುಂಬಿರಬೇಕು. "ಜಾತ್ರೆ ಥರ ಕಾಣಬೇಕಪ್ಪ, ಊರಲ್ಲಿ ತೋರಿಸಿದರೆ ಹೌದು ಅನ್ನಬೇಕು" ಅನ್ನುತ್ತಿದ್ದರು. ಹಿಂದೆ ಜನ ಕಮ್ಮಿ ಬಿದ್ದರೆ ದುಡ್ಡು ಕೊಡಲು ಗೊಣಗುತ್ತಿದ್ದರು.

ಸಂಜೆ ದೀಪ ಹತ್ತುವ ಆ ಗಳಿಗೆಯನ್ನು ನೀನು ಮರೆತಿರಲಾರೆ. ಕತ್ತಲೆ ಕವಿಯುತ್ತಿದ್ದಂತೆ ಮೆಟ್ಟಿಲು ಮೆಟ್ಟಿಲಾದ ಇಡೀ ತೋಟಕ್ಕೆ ಒಮ್ಮೆಲೇ ಬೆಳಕು ಹರಿಯುತ್ತಿತ್ತು, ಸಾವಿರಾರು ಜನ ಒಂದೇ ಉಸಿರಿಗೆ "ಓ…" ಅನ್ನುತ್ತಿದ್ದರು. ದಿನಾ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು. ರಾಯಚೂರು ಕಡೆಯ ಒಬ್ಬ ಮುದುಕಿ, ನೀಲಿ ನೀರಿನ ಮುಂದೆ ನಿಂತವಳು ಫೋಟೊಗೆ ಮುಖ ತಿರುಗಿಸಲೇ ಇಲ್ಲ. ನಾನು "ಅಜ್ಜಿ, ಈ ಕಡೆ" ಅಂದರೆ ಅವಳು ನೀರನ್ನೇ ನೋಡುತ್ತಾ, "ನಮ್ಮೂರಿಗೂ ಹಿಂಗ ಲೈಟ್ ಬರ್ತಾವೇನಪ್ಪಾ?" ಅಂತ ಕೇಳಿದಳು. ನಾನು ಏನೋ ಹೇಳಿದೆ. ನೀನು ಅವಳ ಸೆರಗಿಗೆ ಒಂದು ಹಿಡಿ ಕಡ್ಲೇಕಾಯಿ ಹಾಕಿ ಕಾಸು ಇಸಿದುಕೊಳ್ಳಲಿಲ್ಲ.

ಆ ಪ್ರಶ್ನೆಯನ್ನು ನಾನು ಈಚೆಗೆ ತುಂಬಾ ಯೋಚಿಸಿದೆ. ಬೃಂದಾವನ ಅಷ್ಟು ವರ್ಷ ಜನರನ್ನು ಹಿಡಿದಿಟ್ಟದ್ದು ಹೂವಿನಿಂದ ಅಲ್ಲ ಕಣೋ. ಮನೆಯಲ್ಲಿ ಬುಡ್ಡಿದೀಪ, ಬಾವಿಯಲ್ಲಿ ತಳ ಕಂಡ ನೀರು ಬಿಟ್ಟು ಬಂದವರಿಗೆ ಇಲ್ಲಿ ಬೆಳಕೂ ನೀರೂ ಆಟವಾಡುತ್ತಿದ್ದವು. ಬೆಳಕನ್ನು ವ್ಯರ್ಥ ಮಾಡುವಷ್ಟು, ನೀರನ್ನು ಆಕಾಶಕ್ಕೆ ಚಿಮ್ಮಿಸುವಷ್ಟು ಸಿರಿವಂತಿಕೆ! ಅದನ್ನು ಕಣ್ಣಾರೆ ನೋಡಲು ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು ಬರುತ್ತಿದ್ದರು.

ಈಗಲೂ ಬರುತ್ತಾರೆ. ಕನ್ನಂಬಾಡಿ ಖಾಲಿ ಬಿದ್ದಿದೆ ಅಂದುಕೊಳ್ಳಬೇಡ. ರಜೆಯ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಹೋದವಾರ ನಾನೂ ಹೋಗಿದ್ದೆ. ದೀಪ ಹತ್ತಿತು, "ಓ" ಕೇಳಿಸಲಿಲ್ಲ. ಫೋನುಗಳು ಮೇಲೆದ್ದವು, ಒಂದಷ್ಟು ಹೊತ್ತು ಹಾಗೇ ನಿಂತವು, ಆಮೇಲೆ ಇಳಿದವು. ಸಂಗೀತ ಕಾರಂಜಿ ಮುಗಿಯುವ ಮೊದಲೇ ಅರ್ಧ ಜನ ಪಾರ್ಕಿಂಗ್ ಕಡೆ ಹೊರಟಿದ್ದರು. ಅವರದೇನೂ ತಪ್ಪಿಲ್ಲ. ಬಣ್ಣದ ಲೈಟು ಈಗ ಮದುವೆ ಛತ್ರದಲ್ಲಿದೆ, ಗಣೇಶನ ಪೆಂಡಾಲಿನಲ್ಲಿದೆ, ಬಾರಿನ ಬೋರ್ಡಿನಲ್ಲಿದೆ. ಆ ಅಜ್ಜಿಯ ಊರಿಗೆ ಲೈಟು ಬಂದಿದೆ. ಅದು ಸಂತೋಷದ ವಿಷಯ, ನಾನು ಮನಸಾರೆ ಹೇಳುತ್ತೇನೆ. ಆ ಊರಿಗೆ ಲೈಟು ಬಂದ ದಿನವೇ ನಮ್ಮ ಕಾರಂಜಿ ಸ್ವಲ್ಪ ಮಂಕಾಯಿತು, ಅಷ್ಟೆ.

ನಮ್ಮಪ್ಪ ಹೇಳುತ್ತಿದ್ದ ಕಾಕನಕೋಟೆಯ ಖೆಡ್ಡಾ ಕಥೆ ನೆನಪಿದೆಯಲ್ಲ? ಒಂದು ಕಾಲಕ್ಕೆ ಮೈಸೂರು ಸೀಮೆಯ ಅತಿ ದೊಡ್ಡ ನೋಟ ಅಂದರೆ ಅದು. ವೈಸರಾಯ್‌ಗಳು ಬಂದರೆ ಮಹಾರಾಜರು ತೋರಿಸುತ್ತಿದ್ದದ್ದು ಅದನ್ನೇ. ತಮಟೆ, ಪಂಜು, ಕೂಗಾಟದಿಂದ ಕಾಡಾನೆಗಳ ಹಿಂಡನ್ನು ಬೆದರಿಸಿ ಕಬಿನಿ ಹೊಳೆಗೆ ಇಳಿಸಿ, ಆಚೆ ದಡದ ಮರದ ದೊಡ್ಡಿಗೆ ಅಟ್ಟಿ, ಸಾಕಾನೆ ಬಿಟ್ಟು ಹಗ್ಗ ಬಿಗಿಯುವುದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಪ್ಪ ಲಾರಿ ಹತ್ತಿಕೊಂಡು ಹೋಗಿ ನೋಡಿದ್ದರು. ಹೇಳುವಾಗ ಮೊದಲು ಕಣ್ಣು ಅರಳುತ್ತಿತ್ತು, ತಾಯಾನೆಯಿಂದ ಮರಿಯನ್ನು ಬಿಡಿಸಿದ ಜಾಗಕ್ಕೆ ಬಂದಾಗ ದನಿ ಇಳಿಯುತ್ತಿತ್ತು. "ನೋಡಬಾರದಿತ್ತು ಕಣ್ಲಾ ಮಗ" ಅಂದುಬಿಡುತ್ತಿದ್ದರು. ಮಾರನೆಯ ವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಕಬಿನಿ ಅಣೆಕಟ್ಟು ಕಟ್ಟಿ ಮುಗಿಸಿದರು, ಖೆಡ್ಡಾ ನಡೆಯುತ್ತಿದ್ದ ಹೊಳೆದಂಡೆಯ ಕಾಡು ಹಿನ್ನೀರಿನಲ್ಲಿ ಮುಳುಗಿತು.

ಈಗ ಅದೇ ಹಿನ್ನೀರಿನ ದಡಕ್ಕೆ ದೇಶವಿದೇಶದವರು ಬರುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಸಿರು ಹುಲ್ಲಿಗೆ ನೂರಾರು ಆನೆ ಇಳಿಯುತ್ತವೆ. ಕರಿಚಿರತೆ ಕಂಡೀತೇನೋ ಅಂತ ಕತ್ತಿನ ಉದ್ದದ ಲೆನ್ಸ್ ಹಿಡಿದು ಜೀಪಿನಲ್ಲಿ ಉಸಿರು ಬಿಗಿಹಿಡಿದು ಕೂರುತ್ತಾರೆ. ಒಂದು ಗಂಟೆ ಏನೂ ಕಾಣದಿದ್ದರೂ ಬೇಸರವಿಲ್ಲ. ಹಿಡಿಯುವುದನ್ನು ನೋಡಲು ಬಂದ ಜಾಗಕ್ಕೆ ಬಿಟ್ಟಿರುವುದನ್ನು ನೋಡಲು ಬರುತ್ತಿದ್ದಾರೆ. ಅಪ್ಪ ಬದುಕಿದ್ದರೆ ಒಂದು ಸಲ ಕರೆದುಕೊಂಡು ಹೋಗುತ್ತಿದ್ದೆ. ನಮ್ಮ ಕಡೆ ನಡೆದ ಬದಲಾವಣೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೊಂದು.

ಎಲ್ಲ ಹೀಗೆ ಒಳ್ಳೆಯದಕ್ಕೇ ತಿರುಗಿಲ್ಲ. ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನೇ ತಗೋ. ಮೊದಲು ಮೈಸೂರಿಗೆ ಬಂದವರು ಯಾರೂ ಅದನ್ನು ಬಿಟ್ಟು ಹೋಗುತ್ತಿರಲಿಲ್ಲ. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ, ಕತ್ತಲಲ್ಲಿ, ಅವಳ ಬೆರಳ ಸಂದಿಯ ಕೆಂಪು ನೋಡುತ್ತಾ ಸಾಲು ನಿಲ್ಲುತ್ತಿದ್ದರು. ನಾವೆಲ್ಲ ಅದು ರವಿವರ್ಮನದ್ದು ಅಂತಲೇ ನಂಬಿದ್ದೆವು, ಬರೆದವರು ಹಳದಂಕರ್ ಅಂತ ಆಮೇಲೆ ತಿಳಿಯಿತು. ಈಗಿನ ಮಕ್ಕಳು ಫೋನಿನಲ್ಲಿ ಆ ಚಿತ್ರ ನೋಡಿರುತ್ತಾರೆ, ನೋಡಿದ್ದೇವೆ ಅಂತ ಮುಂದೆ ಹೋಗುತ್ತಾರೆ. ಫೋನಿನಲ್ಲಿ ಆ ದೀಪ ಉರಿಯುವುದಿಲ್ಲ ಗೆಳೆಯ. ನಿನ್ನ ಮೊಮ್ಮಕ್ಕಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ.

ಮೃಗಾಲಯದ ಬಗ್ಗೆ ಹೇಳುವಂಥದ್ದೇನಿಲ್ಲ. 1892ರಿಂದ ಇದೆ, ಮಕ್ಕಳಿರುವ ತನಕ ಇರುತ್ತದೆ. ಅರಮನೆಯೂ ಹಾಗೇ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟು, ಈಗಿನದು 1912ರಲ್ಲಿ ಕಟ್ಟಿ ಮುಗಿದ ಮೇಲೆ ಅದರ ಮುಂದೆ ಜನ ಕಡಿಮೆಯಾದದ್ದು ನನಗೆ ನೆನಪಿರುವುದು ಕೊರೊನಾ ವರ್ಷಗಳಲ್ಲಿ ಮಾತ್ರ. ಭಾನುವಾರ ಏಳು ಗಂಟೆಗೆ ಲಕ್ಷದಷ್ಟು ಬಲ್ಬು ಹತ್ತುವಾಗ ಈಗಲೂ ಒಂದು ಸಣ್ಣ "ಓ" ಕೇಳುತ್ತದೆ. ಅಲ್ಲಿ ಬೆಳಕಿನ ಹಿಂದೆ ಮನೆಯೊಂದಿದೆ, ರಾಜರ ಕಥೆಯಿದೆ, ಅದಕ್ಕಿರಬೇಕು.

ನಮ್ಮ ಹೊಟ್ಟೆಪಾಡಿನ ಕಥೆಯನ್ನೂ ಹೇಳಿಬಿಡುತ್ತೇನೆ, ನೀನು ಕೇಳಲು ಸಂಕೋಚಪಟ್ಟೆ ಅಂತ ಗೊತ್ತು. ನೀನು ಬ್ಯಾಂಕಿನ ಕೆಲಸ ಸಿಕ್ಕು ಹೋದ ಮೇಲೆ ಹದಿನೈದು ವರ್ಷ ಚೆನ್ನಾಗಿಯೇ ನಡೆಯಿತು. ಡಿಜಿಟಲ್ ಬಂದಾಗ ಸಾಲ ಮಾಡಿ ಕ್ಯಾಮೆರಾ, ಹೆಗಲಿಗೆ ಹಾಕಿಕೊಳ್ಳುವ ಸಣ್ಣ ಪ್ರಿಂಟರ್ ತಗೊಂಡೆ. ಐದು ನಿಮಿಷಕ್ಕೆ ಫೋಟೊ ಕೈಗೆ. ವಿಳಾಸದ ನೋಟ್‌ಬುಕ್ಕು ಅಟ್ಟಕ್ಕೆ ಹೋಯಿತು. ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. "ಫೋಟೊ ಸಾರ್, ಫೋಟೊ" ಅಂದರೆ ಫೋನು ನನ್ನ ಕೈಗೇ ಕೊಟ್ಟು, "ಅಣ್ಣ, ನಮ್ಮದೊಂದು ತೆಗೆದುಕೊಡಿ" ಅನ್ನುತ್ತಿದ್ದರು. ತೆಗೆದುಕೊಡುತ್ತಿದ್ದೆ. ಹೇಗೆ ಇಲ್ಲ ಅನ್ನಲಿ? ಜೊತೆಯ ಹುಡುಗರಲ್ಲಿ ಒಬ್ಬ ಆಟೊ ಓಡಿಸಿದ, ಒಬ್ಬ ಗಾರ್ಮೆಂಟ್ಸ್ ಸೇರಿದ, ಇಬ್ಬರು ಇನ್ನೂ ಗೇಟಿನಲ್ಲೇ ಇದ್ದಾರೆ.

ನಾನು ಮದುವೆ ಫೋಟೊಗೆ ಹೊರಳಿಕೊಂಡೆ, ಈಗ ಮಗನೂ ಅದೇ ಕೆಲಸದಲ್ಲಿದ್ದಾನೆ. ಮದುವೆಗೆ ಮುಂಚೆ ಜೋಡಿಯನ್ನು ಎಲ್ಲಾದರೂ ಕರೆದುಕೊಂಡು ಹೋಗಿ ಚಿತ್ರ ತೆಗೆಯುವುದು ಈಗಿನ ರೂಢಿ. ಬೆಂಗಳೂರಿನಿಂದ ಜೋಡಿಗಳು ಬರುತ್ತವೆ. ಬೃಂದಾವನ ಅನ್ನುವುದೇ ಇಲ್ಲ. ತೊಣ್ಣೂರು ಕೆರೆ ಬೇಕು, ಪಾಂಡವಪುರದ ಕುಂತಿಬೆಟ್ಟ ಬೇಕು, ಮೇಲುಕೋಟೆಯಲ್ಲಿ ಅಕ್ಕತಂಗಿ ಕೊಳದ ಮೆಟ್ಟಿಲು ಬೇಕು, ಕರಿಘಟ್ಟದ ನೆತ್ತಿ ಬೇಕು. ಅದೂ ಬೆಳಗಿನ ಐದೂವರೆಗೆ. ಯಾಕೆ ಗೊತ್ತಾ? "ಅಂಕಲ್, ಬ್ಯಾಕ್‌ಗ್ರೌಂಡಲ್ಲಿ ಯಾರೂ ಇರಬಾರದು."

ಮೊದಲ ಸಲ ಆ ಮಾತು ಕೇಳಿದಾಗ ನಾನು ಕ್ಯಾಮೆರಾ ಕೆಳಗಿಳಿಸಿ ಆ ಹುಡುಗಿಯ ಮುಖ ನೋಡಿದೆ. 1984ರಲ್ಲಿ ಹಿಂದೆ ಜನ ಇಲ್ಲದಿದ್ದರೆ ದುಡ್ಡಿಲ್ಲ, ಈಗ ಇದ್ದರೆ ದುಡ್ಡಿಲ್ಲ. ಆ ಹುಡುಗಿ ದಿನಾ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತು, ಜನರ ನಡುವೆ, ಲೈಟಿನ ನಡುವೆ ಬದುಕುವವಳು. ರಾಯಚೂರಿನ ಅಜ್ಜಿ ಊರಿನಲ್ಲಿಲ್ಲದ ಬೆಳಕನ್ನು ಹುಡುಕಿ ಬಂದಳು, ಇವಳು ಊರಿನಲ್ಲಿಲ್ಲದ ಮೌನವನ್ನು ಹುಡುಕಿ ಬಂದಿದ್ದಾಳೆ. ಇಬ್ಬರೂ ನಮ್ಮ ಜಿಲ್ಲೆಗೇ ಬಂದರಲ್ಲ, ಆ ಬಗ್ಗೆ ನನಗೆ ಹೆಮ್ಮೆಯಿದೆ.

ಭಯವೂ ಇದೆ. ಯಾರೂ ಇಲ್ಲದ ಜಾಗದ ಚಿತ್ರ ಸಾವಿರ ಜನರ ಫೋನಿಗೆ ಹೋದ ಮೇಲೆ ಆ ಜಾಗದಲ್ಲಿ ಯಾರೂ ಇಲ್ಲದಿರುವುದು ಎಷ್ಟು ದಿನ? ತೊಣ್ಣೂರು ಕೆರೆ ಏರಿಯ ಮೇಲೆ ಭಾನುವಾರ ಸಂಜೆ ಬಾಟಲಿ ಚೂರು ಆರಿಸಿದ್ದೇನೆ. ಬಲಮುರಿಯಲ್ಲಿ ಕಟ್ಟೆಯ ಮೇಲೆ ಹರಿಯುವ ನೀರು ನೋಡಲು ಎಷ್ಟು ಸೌಮ್ಯವೋ ಒಳಗೆ ಅಷ್ಟೇ ಮೋಸ. ಎಷ್ಟೋ ತಾಯಂದಿರು ಅಲ್ಲಿ ಅತ್ತು ಹೋಗಿದ್ದಾರೆ. ನಮ್ಮ ಊರಿನವರಿಗೆ ಹೊಳೆಯ ಗುಣ ಗೊತ್ತು, ಫೋನು ನೋಡಿ ಬಂದವರಿಗೆ ಜಾಗ ಮಾತ್ರ ಗೊತ್ತು.

ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಮಾತು ಬಂದರೆ ನೀನು ಕಿವಿ ನೆಟ್ಟಗೆ ಮಾಡುತ್ತೀಯ. ಕಟ್ಟೆ ಕಟ್ಟಿದಾಗ ಊರಿನ ಜೊತೆಗೆ ಮುಳುಗಿದ ಹೊಯ್ಸಳರ ಕಾಲದ ಗುಡಿ. ನಿಮ್ಮಜ್ಜಿಯ ಮನೆಯವರು ಆ ಊರು ಬಿಟ್ಟು ಬಂದವರೇ ಅಲ್ಲವೇ? ಬರ ಬಂದು ನೀರು ತೀರಾ ಇಳಿದಾಗ ಮಾತ್ರ ಅದು ಮೇಲೆ ಕಾಣುತ್ತಿತ್ತು. 2002-03ರ ಬರದಲ್ಲಿ ಒಡೆದ ಕೆಸರಿನ ಮೇಲೆ ನಡೆದುಕೊಂಡು ಹೋಗಿ ನೋಡಿದ ಜನರಲ್ಲಿ ನಾನೂ ಒಬ್ಬ. ಗದ್ದೆಗೆ ನೀರಿಲ್ಲದ ವರ್ಷದಲ್ಲಿ ದೇವರು ಕಾಣುತ್ತಾನೆ ಅಂತ ನಮ್ಮ ರೈತರು ನೋಡಿ ಕೈಮುಗಿದು, ಬೇಗ ಮುಳುಗಲಪ್ಪ ಅಂತ ಬೇಡಿಕೊಳ್ಳುತ್ತಿದ್ದರು. ಆಮೇಲೆ ಉದ್ಯಮಿ ಶ್ರೀಹರಿ ಖೋಡೆ ಅವರ ಪ್ರತಿಷ್ಠಾನ ಆ ಕಲ್ಲುಗಳಿಗೆ ಒಂದೊಂದಾಗಿ ಗುರುತು ಹಾಕಿ, ಬಿಚ್ಚಿ, ಹೊಸ ಕನ್ನಂಬಾಡಿಯ ದಡದ ಮೇಲೆ ಮತ್ತೆ ಜೋಡಿಸಿತು. ಈಗ ಅಲ್ಲಿ ಸಂಜೆಯಾದರೆ ಕಾರುಗಳ ಸಾಲು. ಪ್ರಾಕಾರದ ಆಚೆ ಕಣ್ಣು ಹಾಯುವ ತನಕ ಹಿನ್ನೀರು, ಅದರ ಮೇಲೆ ಮುಳುಗುವ ಸೂರ್ಯ. ಎಪ್ಪತ್ತು ವರ್ಷಕ್ಕೂ ಮೀರಿ ನೀರಿನಡಿ ಇದ್ದ ಗುಡಿ ಈಗ ಕನ್ನಂಬಾಡಿ ಕಡೆಯ ದೊಡ್ಡ ಆಕರ್ಷಣೆ. ಬಂದವರಲ್ಲಿ ಎಷ್ಟು ಜನಕ್ಕೆ ನೀರಿನಡಿಯ ಊರಿನ ಬಗ್ಗೆ ಗೊತ್ತೋ. ನಿನ್ನ ಮೊಮ್ಮಕ್ಕಳಿಗೆ ಗೊತ್ತಾಗಲಿ. ಅಲ್ಲಿ ನಿಂತು ನೀನೇ ಹೇಳಬೇಕು.

ರಸ್ತೆಯ ವಿಷಯ ಹೇಳದಿದ್ದರೆ ಕಥೆ ಅರ್ಧ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯಿತು, ನಮ್ಮ ಮಂಡ್ಯ ಜಿಲ್ಲೆಯಲ್ಲೇ. 118 ಕಿಲೋಮೀಟರ್. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಮೂರನ್ನೂ ಪಕ್ಕಕ್ಕಿಟ್ಟು ಹೋಗುತ್ತದೆ. ಬೆಳಗ್ಗೆ ತಿಂಡಿ ತಿಂದು ಹೊರಟವರು ಹತ್ತು ಗಂಟೆಗೆ ಅರಮನೆ ಮುಂದೆ, ರಾತ್ರಿ ಊಟಕ್ಕೆ ವಾಪಸ್ ಬೆಂಗಳೂರು. ರಾತ್ರಿ ಉಳಿಯುವವರು ಕಡಿಮೆಯಾದರು ಅಂತ ಲಾಡ್ಜ್ ನಡೆಸುವ ಪರಿಚಯದವರು ಹೇಳುತ್ತಾರೆ. ಮದ್ದೂರಿನ ಹಳೇ ರಸ್ತೆಯ ಹೋಟೆಲಿನಲ್ಲಿ ಎಣ್ಣೆಯ ಬಾಣಲೆ ಮುಂದೆ ನಿಲ್ಲುತ್ತಿದ್ದವರು, ಚನ್ನಪಟ್ಟಣದಲ್ಲಿ ಗೊಂಬೆ ತೂಗುಹಾಕಿ ಕೂರುತ್ತಿದ್ದವರು, ನಮ್ಮ ಪಟ್ಟಣದ ಎಳನೀರಿನವರು, ಎಲ್ಲರೂ ರಸ್ತೆಯ ಕಡೆ ನೋಡುತ್ತಾ ಕೂತ ದಿನಗಳನ್ನು ಕಂಡಿದ್ದೇನೆ. ಬೈಕುಗಳನ್ನು ಅದೇ ವರ್ಷ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ರಸ್ತೆಗೆ ಬಿಡುತ್ತಿಲ್ಲ. ಹಾಗಾಗಿ ಬೈಕಿನ ಹುಡುಗರು ಮಾತ್ರ ಊರೊಳಗೆ ಬರುತ್ತಾರೆ, ನಿಲ್ಲಿಸುತ್ತಾರೆ, ವಡೆ ತಿನ್ನುತ್ತಾರೆ, ದಾರಿ ಕೇಳುತ್ತಾರೆ. ದಾರಿ ಕೇಳುವ ಪ್ರವಾಸಿಯನ್ನು ಕಂಡರೆ ನನಗೀಗ ಪ್ರೀತಿ ಉಕ್ಕುತ್ತದೆ.

ಇನ್ನೊಂದು ಬದಲಾವಣೆ ಯಾವ ರಸ್ತೆಯಿಂದಲೂ ಬಂದದ್ದಲ್ಲ, ಒಂದು ಟಿಕೆಟಿನಿಂದ ಬಂದದ್ದು. ನಮ್ಮ ಅಕ್ಕನನ್ನು ಬಲ್ಲೆಯಲ್ಲ, ಅಕ್ಕನಿಗೆ ಈಗ ಅರವತ್ತೆಂಟು. ನಾವು ಊರೆಲ್ಲ ಸುತ್ತುವಾಗ ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟವಳು, ತಾನು ಎಲ್ಲಿಗೂ ಬಂದವಳಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಆಧಾರ್ ಕಾರ್ಡನ್ನು ಪರ್ಸಿಗೆ ಹಾಕಿಕೊಂಡು ಬೀದಿಯ ನಾಲ್ಕು ಹೆಂಗಸರ ಜೊತೆ ಹೊರಟಳು ನೋಡು. ಮೊದಲು ನಂಜನಗೂಡು, ಆಮೇಲೆ ಆಷಾಢ ಶುಕ್ರವಾರ ಚಾಮುಂಡಿಬೆಟ್ಟ, ಆಮೇಲೆ ಮಾದಪ್ಪನ ಬೆಟ್ಟ, ಮೇಲುಕೋಟೆ. ಒಂದು ದಿನ ಬಂದವಳೇ, "ಸೋಮನಾಥಪುರ ಅಂತ ಒಂದಿದೆ ಕಣೋ, ಹೋಗಿದ್ದೀಯಾ?" ಅಂತ ಕೇಳಿದಳು. ನಾನು ನೂರು ಸಲ ಹೋಗಿದ್ದೇನೆ. ಹೌದು ಅನ್ನಲು ನಾಚಿಕೆಯಾಯಿತು. ಐವತ್ತು ಕಿಲೋಮೀಟರಿನೊಳಗಿನ ಗುಡಿಯನ್ನು ಅವಳು ನೋಡಲು ಅರವತ್ತೈದು ವರ್ಷ ಬೇಕಾಯಿತಲ್ಲ.

ಅವಳು ಆ ಗುಡಿಯನ್ನು ನೋಡಿದ ಬಗೆಯೇ ಬೇರೆ. ಅದು ಹದಿಮೂರನೆಯ ಶತಮಾನದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ್ದು, 2023ರ ಸೆಪ್ಟೆಂಬರಿನಲ್ಲಿ ಬೇಲೂರು ಹಳೇಬೀಡಿನ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಅಂತೆಲ್ಲ ನಾನು ಹೇಳಿದರೆ ಅವಳಿಗೆ ಬೇಕಿಲ್ಲ. "ಆ ಕಲ್ಲಿನ ಹೆಂಗಸರ ಕೈಬಳೆ ಎಣಿಸಿದೆ, ಒಬ್ಬಳದ್ದು ಇದ್ದಂಗೆ ಇನ್ನೊಬ್ಬಳದ್ದು ಇಲ್ಲ. ಕೆತ್ತಿದವನು ತನ್ನ ಹೆಸರೂ ಬರೆದಿದ್ದಾನಂತೆ, ಗೈಡು ಹೇಳಿದ" ಅಂದಳು. ಮಲ್ಲಿತಮ್ಮ ಅನ್ನುವ ಹೆಸರು ಅದು. ನನ್ನ ಕ್ಯಾಮೆರಾ ಇಷ್ಟು ವರ್ಷ ಅವಳ ಹಾಗೆ ಬಳೆ ನೋಡಿರಲಿಲ್ಲ. ನಮ್ಮ ಕಾಲದ ಪ್ರವಾಸದ ಪಟ್ಟಿ ಮಾಡಿದವರು ಗಂಡಸರು ಮತ್ತು ಬಸ್ಸಿನ ಮಾಲೀಕರು. ಈಗ ಹೆಂಗಸರು ತಮ್ಮ ಪಟ್ಟಿ ತಾವೇ ಮಾಡುತ್ತಿದ್ದಾರೆ. ನಿಮಿಷಾಂಬ ಗುಡಿಯಲ್ಲಿ ವಾರದ ದಿನವೂ ಇರುವ ಸಾಲು ನೋಡಿದರೆ ನಿನಗೇ ತಿಳಿಯುತ್ತದೆ. ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ ಅಂತ ಬಯ್ಯುವವರಿದ್ದಾರೆ. ಅಕ್ಕನ ಮುಖ ನೋಡಿದ ಮೇಲೆ ನಾನು ಬಯ್ಯಲಾರೆ.

ಕನ್ನಂಬಾಡಿಗೆ ಹಳೇ ಕಳೆ ತರಬೇಕು ಅಂತ ಸರ್ಕಾರಗಳು ಒಂದಲ್ಲ ಒಂದು ಯೋಜನೆ ಹೇಳುತ್ತಲೇ ಇವೆ. 2018ರಲ್ಲಿ 125 ಅಡಿಯ ಕಾವೇರಿ ಪ್ರತಿಮೆ, ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು ಅಂದರು. ಈಚೆಗೆ ಕಾವೇರಿ ಆರತಿ, ಮನರಂಜನೆಯ ಪಾರ್ಕು ಅಂದರು. ಕಟ್ಟೆಯ ಸುರಕ್ಷತೆಗೆ ತೊಂದರೆಯಾಗುತ್ತದೆ, ಮೊದಲು ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟಿಸಿ ಅಂತ ರೈತರು ಬೀದಿಗಿಳಿದರು. ನಾನು ರೈತರ ಕಡೆ. ತೋಟದ ಮೇಲೆ ನನಗಿಂತ ಪ್ರೀತಿಯಿರುವವರು ಕಡಿಮೆ, ಅದರ ಅನ್ನ ತಿಂದವನು ನಾನು. ಆದರೆ ಅಲ್ಲಿ ನಿಜವಾಗಿ ನೋಡುವಂಥದ್ದು ಕಟ್ಟೆ ಕಣೋ, ನಾವೆಲ್ಲ ಅದಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಂಡೆವು. 1911ರಲ್ಲಿ ಶುರುವಾದ ಕೆಲಸ ಮುಗಿಯುವಾಗ ಎರಡು ದಶಕವಾಗಿತ್ತು. 130 ಅಡಿ ಎತ್ತರ, ಸುಮಾರು 8,600 ಅಡಿ ಉದ್ದದ ಆ ಗೋಡೆಯ ಕಲ್ಲಿಗೆ ಗಾರೆ ಸಿಮೆಂಟಿನದ್ದಲ್ಲ. ಸುಣ್ಣ, ಸುಟ್ಟ ಇಟ್ಟಿಗೆ ಪುಡಿ ಸೇರಿಸಿ ಅರೆದ ಸುರ್ಕಿ. ಎಷ್ಟು ಸಾವಿರ ಕೈಗಳು ಅರೆದಿರಬೇಕು! ವಿಶ್ವೇಶ್ವರಯ್ಯನವರು ಕಟ್ಟೆಗೆ, ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ಲರು ತೋಟಕ್ಕೆ. ಕಾಶ್ಮೀರದ ಶಾಲಿಮಾರ್ ತೋಟದ ನೆನಪಿನಲ್ಲಿ ಕಟ್ಟೆಯ ಬುಡದಲ್ಲಿ ಮಿರ್ಜಾ ಸಾಹೇಬರು ಇದನ್ನು ಎಬ್ಬಿಸಿದರು. ಕಟ್ಟೆಯ ನೀರು ನಾಲೆಗೆ ಇಳಿದ ಮೇಲೆ 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಅನ್ನುವ ಜಿಲ್ಲೆಯೇ ಹುಟ್ಟಿತು. ಈ ಕಥೆಯನ್ನು ಅಲ್ಲೇ, ಕಟ್ಟೆಯ ನೆರಳಲ್ಲಿ, ಚೆನ್ನಾಗಿ ಹೇಳುವ ಒಂದು ಮನೆ ಕಟ್ಟಿದರೆ ಸಾಕು. ಮುಳುಗಿದ ಊರಿನ ಹೆಸರುಗಳನ್ನು ಒಂದು ಗೋಡೆಗೆ ಬರೆದರೆ ಸಾಕು. ಜನ ಹದಿನೈದು ನಿಮಿಷಕ್ಕೆ ಹೊರಡುವುದಿಲ್ಲ, ನನಗೆ ನಂಬಿಕೆಯಿದೆ.

ನಿನ್ನ ಪಟ್ಟಿ ಈಗ ಸುಲಭವಾಯಿತು. ಮೊದಲ ದಿನ ಬೆಳಗ್ಗೆ ರಂಗನತಿಟ್ಟು. ಹಕ್ಕಿಗಳು ತುಂಬಿರುವುದು ಜನವರಿ ಕಳೆದ ಮೇಲೆ, ದಸರಾ ಹೊತ್ತಿಗೆ ಕಡಿಮೆ. ಹೊಳೆ ತುಂಬಿ ಹರಿದರೆ ದೋಣಿ ಬಿಡುವುದಿಲ್ಲ. ಆದರೂ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಕಂಡರೆ ಮಕ್ಕಳಿಗೆ ಅದೇ ಹಬ್ಬ. ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ್ದರಿಂದ 1940ರಲ್ಲಿ ಮಹಾರಾಜರು ಅದನ್ನು ಪಕ್ಷಿಧಾಮ ಮಾಡಿದರು, 2022ರಲ್ಲಿ ರಾಮ್ಸರ್ ತಾಣವೂ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳಲ್ಲಿ ಒಂದೂ, ಆಯಿತು. ನಾವು ಹುಡುಗರಾಗಿದ್ದಾಗ ಅಲ್ಲಿಗೆ ಹೋಗುತ್ತಿದ್ದದ್ದು ಈಜಲು, ಮನೆಯಲ್ಲಿ ಹೇಳದೆ. ಆ ಮೊಸಳೆಗಳ ನಡುವೆ! ಅದನ್ನು ಮಕ್ಕಳ ಮುಂದೆ ಹೇಳಬೇಡ. ಮಧ್ಯಾಹ್ನ ಸೋಮನಾಥಪುರ, ಅಕ್ಕನೇ ಗೈಡು, ಒಪ್ಪಿಸಿದ್ದೇನೆ. ಎರಡನೆಯ ದಿನ ಜಗನ್ಮೋಹನದ ದೀಪ, ಮಧ್ಯಾಹ್ನ ಮೃಗಾಲಯ, ಸಂಜೆ ವೇಣುಗೋಪಾಲನ ಗುಡಿಯ ಹಿನ್ನೀರು, ಕತ್ತಲಾದ ಮೇಲೆ ಬೃಂದಾವನ. ಹೌದು, ಬೃಂದಾವನವೂ. ದೀಪ ಹತ್ತುವಾಗ ಫೋನು ಜೇಬಿನಲ್ಲಿಡಲು ಮಕ್ಕಳಿಗೆ ಮೊದಲೇ ಹೇಳಿರು.

ಹೋದ ತಿಂಗಳು ಅಟ್ಟ ಇಳಿಸಿದಾಗ ಹಳೇ ನೋಟ್‌ಬುಕ್ಕುಗಳ ಜೊತೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅಂಚೆಯವರು ಮನೆ ಸಿಗಲಿಲ್ಲ ಅಂತ ಹಿಂದಿರುಗಿಸಿದ ಫೋಟೊಗಳು, ನಲವತ್ತಕ್ಕೂ ಮೇಲೆ. ಒಂದರಲ್ಲಿ ಸೇಲಂ ಕಡೆಯ ಹೊಸ ಜೋಡಿ, ಹುಡುಗಿಯ ತಲೆ ತುಂಬ ಕನಕಾಂಬರ. ಅವರ ಹಿಂದೆ ಜಾತ್ರೆಯಷ್ಟು ಜನ, ಜನರ ಹಿಂದೆ ನೀಲಿ ಕಾರಂಜಿ. ಬಲಗಡೆ ಅಂಚಿನಲ್ಲಿ, ಸ್ವಲ್ಪ ಮಸುಕಾಗಿ, ತಲೆಯ ಮೇಲಿನ ಬುಟ್ಟಿಗೆ ಒಂದು ಕೈ ಕೊಟ್ಟುಕೊಂಡು ನನ್ನ ಕಡೆಗೇ ನಗುತ್ತಾ ನಿಂತಿರುವವನು ನೀನು. ಆ ಕಾಲದ ನಿನ್ನ ಫೋಟೊ ಒಂದೂ ಇಲ್ಲ ಅನ್ನುತ್ತಿದ್ದೆಯಲ್ಲ. ಎತ್ತಿಟ್ಟಿದ್ದೇನೆ, ಅಂಚೆಗೆ ಹಾಕುವುದಿಲ್ಲ, ಬಂದಾಗ ಕೈಗೇ ಕೊಡುತ್ತೇನೆ.

ಬೆಂಗಳೂರು ದಾಟಿದ ಮೇಲೆ ಹೆದ್ದಾರಿಯಲ್ಲೇ ಸೀದಾ ಬಂದುಬಿಡಬೇಡ. ಮದ್ದೂರಿಗೆ ಮುಂಚೆ ಇಳಿದು ಹಳೇ ರಸ್ತೆಯಲ್ಲಿ ಬಾ, ಅರ್ಧ ಗಂಟೆ ಹೆಚ್ಚಾದರೆ ಆಗಲಿ. ವಡೆ ಹತ್ತು ಕಟ್ಟಿಸು. ಅಮ್ಮನಿಗೆ ಹಲ್ಲಿಲ್ಲ, ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಾಳೆ, ನೀನು ಬರುವ ದಿನ ಆಗಲೇ ಎರಡು ಸಲ ಕೇಳಿದಳು.

ನಿನ್ನವನೇ ಆದ,
ಕ್ಯಾಮೆರಾ ಗೆಳೆಯ